ಸಂಘಟನೆಯ ಸದಸ್ಯರಾಗದೆ ಎಡ ಹೋರಾಟಗಳಲ್ಲಿ ಕೆಲಸ ಮಾಡುವ ಬಗೆ

ಸದಸ್ಯತ್ವ ಇಲ್ಲದೆ ಬಂದವರನ್ನು ಹೋರಾಟದ ಜನ ಮೊದಲು ನೋಡುವುದು ಒಂದೇ ವಿಷಯಕ್ಕೆ: ಬರುತ್ತೇನೆ ಎಂದ ದಿನ ಬಂದರೋ ಇಲ್ಲವೋ. ಎಷ್ಟು ಓದಿಕೊಂಡಿದ್ದೀರಿ, ಸಿದ್ಧಾಂತದ ಮಾತು ಎಷ್ಟು ಚೆನ್ನಾಗಿ ಆಡುತ್ತೀರಿ ಎಂಬುದೆಲ್ಲ ಆಮೇಲಿನದು. ಸಂಘದ ಒಳಗಿರುವವರನ್ನು ಸಭೆ, ಶಿಸ್ತು, ಜವಾಬ್ದಾರಿ ಹಿಡಿದಿಟ್ಟಿರುತ್ತವೆ. ಹೊರಗಿರುವವರು ಆ ಕಟ್ಟನ್ನು ತಾವೇ ಹಾಕಿಕೊಳ್ಳಬೇಕು. ವಾರಕ್ಕೆ 3 ಗಂಟೆಯನ್ನು ಆರು ತಿಂಗಳು ತಪ್ಪದೆ ಕೊಡಬಲ್ಲಿರಾದರೆ ಧಾರಾಳವಾಯಿತು. ಮೊದಲ ತಿಂಗಳು ಹಗಲೂ ರಾತ್ರಿ ಓಡಾಡಿ ಮೂರನೇ ತಿಂಗಳು ಕಾಣೆಯಾಗುವವರಿಂದ ಕೆಲಸ ಕೆಡುತ್ತದೆ, ಅವರನ್ನು ನಂಬಿ ಹಂಚಿದ ಜವಾಬ್ದಾರಿ ನಡುವೆಯೇ ನಿಲ್ಲುತ್ತದೆ.

ವಿಷಯ ಒಂದನ್ನೇ ಹಿಡಿಯಿರಿ. ಕೂಲಿ, ಬಾಡಿಗೆ, ಭೂಮಿ, ನೀರು, ತಾರತಮ್ಯ ಎಲ್ಲವೂ ಮುಖ್ಯವೇ, ಆದರೆ ಐದು ಕಡೆ ಮುಖ ತೋರಿಸುವವರು ಯಾವ ಕಡೆಯೂ ಲೆಕ್ಕಕ್ಕೆ ಸಿಗುವುದಿಲ್ಲ. ನೀವು ಹಿಡಿದ ವಿಷಯದಲ್ಲಿ ನೇರವಾಗಿ ಪೆಟ್ಟು ತಿಂದವರು ಯಾರು, ಅವರು ಈಗಾಗಲೇ ಎಲ್ಲಾದರೂ ಸೇರುತ್ತಿದ್ದಾರೆಯೇ ಎಂದು ವಿಚಾರಿಸಿ. ಸೇರುತ್ತಿದ್ದರೆ ಹೊಸದೇನನ್ನೂ ಶುರು ಮಾಡದೆ ಅಲ್ಲಿಗೆ ಹೋಗಿ. ಮೊದಲ ನಾಲ್ಕು ಸಭೆಗಳಲ್ಲಿ ಸಲಹೆ ಕೊಡಬೇಡಿ. ಕುರ್ಚಿ ಜೋಡಿಸಿ, ಮೈಕಿನ ವೈರು ಎಳೆಯಿರಿ, ಸಭೆ ಮುಗಿದ ಮೇಲೆ ಉಳಿದು ಗುಡಿಸಿ. ನಡಾವಳಿ ಬರೆಯಲು ಯಾರೂ ಮುಂದೆ ಬರದಿದ್ದರೆ ಆ ಕೆಲಸ ತೆಗೆದುಕೊಳ್ಳಿ. ಒಂದು ಹಾಳೆ, ಮೂರು ಕಾಲಂ: ಯಾವ ಕೆಲಸ, ಯಾರು, ಯಾವ ದಿನದೊಳಗೆ. "ನೋಡೋಣ", "ಮಾಡೋಣ" ಎಂಬ ಮಾತಿನ ಮುಂದೆ ಹೆಸರಿಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿ. ಹೆಸರಿಲ್ಲದ ಕೆಲಸ ಮುಂದಿನ ಸಭೆಗೂ ಹಾಗೇ ಬರುತ್ತದೆ.

ಸಣ್ಣ ಕೆಲಸ ಎಂದು ಬೇಸರ ಬೇಡ. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಾಡಿಗೆದಾರರು ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ನಿಂತರು. ಮೇರಿ ಬಾರ್ಬರ್ ಅವರ ಮುಂದಾಳತ್ವದಲ್ಲಿ ಮನೆಯ ಹೆಂಗಸರೇ ಅದನ್ನು ನಡೆಸಿದರು. ಒಬ್ಬಾಕೆ ಕೈಯಲ್ಲಿ ಗಂಟೆ ಹಿಡಿದು ಕಟ್ಟಡದ ಬಾಗಿಲ ಓಣಿಯಲ್ಲಿ ಕೂತಿರುತ್ತಿದ್ದಳು. ಮನೆ ಖಾಲಿ ಮಾಡಿಸಲು ಅಧಿಕಾರಿ ಬಂದನೆಂದರೆ ಗಂಟೆ ಬಾರಿಸುವಳು, ಉಳಿದವರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದು ದಾರಿ ಕಟ್ಟುವರು. ಆ ವರ್ಷದ ಡಿಸೆಂಬರಿನಲ್ಲೇ ಬಾಡಿಗೆಯನ್ನು ಮೊದಲ ಮಹಾಯುದ್ಧಕ್ಕೆ ಮುಂಚಿನ ಮಟ್ಟದಲ್ಲಿ ನಿಲ್ಲಿಸುವ ಕಾನೂನು ಬಂತು. ಗಂಟೆ ಹಿಡಿದು ಕೂರಲು ಸದಸ್ಯತ್ವ ಬೇಕಿಲ್ಲ, ಪಾಳಿ ಮುಗಿಯುವವರೆಗೆ ಜಾಗ ಬಿಡದೆ ಕೂತರೆ ಸಾಕು.

ಹೊರಗಿನವರು ಬೇಗ ಕಲಿತು ಚೆನ್ನಾಗಿ ಮಾಡಬಹುದಾದ ಕೆಲಸ ಕರಪತ್ರ. ಎ4 ಹಾಳೆಯನ್ನು ಅಡ್ಡಲಾಗಿ ಎರಡು ಮಾಡಿದರೆ ಒಂದು ಹಾಳೆಗೆ ಎರಡು ಪ್ರತಿ. ಒಂದೇ ಬದಿ, 100ರಿಂದ 120 ಪದ, ಅಕ್ಷರ 12 ಪಾಯಿಂಟಿಗಿಂತ ಕಡಿಮೆ ಬೇಡ, ಸುತ್ತ 1 ಸೆಂಟಿಮೀಟರ್ ಅಂಚು. ಅಂಚು ಬಿಡದಿದ್ದರೆ ಸಾಧಾರಣ ಪ್ರಿಂಟರ್ ಕೊನೆಯ ಅಕ್ಷರಗಳನ್ನು ನುಂಗುತ್ತದೆ, ಕತ್ತರಿಸುವಾಗ ಇನ್ನಷ್ಟು ಹೋಗುತ್ತದೆ. ಒಳಗೆ ಇರಬೇಕಾದದ್ದು ಏನಾಯಿತು, ಏನು ಕೇಳುತ್ತಿದ್ದೇವೆ, ಓದಿದವರು ಏನು ಮಾಡಬೇಕು, ಎಲ್ಲಿ ಮತ್ತು ಯಾವಾಗ. ಬೇಡಿಕೆ ಏಳಿದ್ದರೂ ಒಂದನ್ನೇ ಮೇಲೆ ದಪ್ಪಕ್ಷರದಲ್ಲಿ ಹಾಕಿ. 1955ರ ಡಿಸೆಂಬರ್ 1ರ ಸಂಜೆ ಅಮೆರಿಕದಲ್ಲಿ, ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾಯಿತು. ಅದೇ ರಾತ್ರಿ ಮಾಂಟ್‌ಗೊಮರಿಯಲ್ಲಿ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹತ್ತಾರು ಸಾವಿರ ಕರಪತ್ರ ತೆಗೆದರು, ಒಂದು ಹಾಳೆಯಲ್ಲಿ ಮೂರು ಪ್ರತಿಯಂತೆ. ಅದರಲ್ಲಿ ಕೇಳಿಕೊಂಡದ್ದು ಸೋಮವಾರ ಬಸ್ ಹತ್ತಬೇಡಿ ಎಂದಷ್ಟೇ. ಆ ಬಹಿಷ್ಕಾರ 381 ದಿನ ನಡೆಯಿತು.

ಅಚ್ಚಿಗೆ ಕೊಡುವ ಮುಂಚೆ ವಾರ, ತಾರೀಖು ಎರಡೂ ತಾಳೆಯಾಗುತ್ತವೆಯೇ ಎಂದು ಕರಪತ್ರ ಬರೆಯದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ಬರೆದವರ ಕಣ್ಣಿಗೆ ಆ ತಪ್ಪು ಬೀಳುವುದೇ ಇಲ್ಲ. ಮುದ್ರಕರ ಹೆಸರು ಹಾಕಲೇಬೇಕೆಂಬ ಕಾನೂನು ಕೆಲವು ದೇಶಗಳಲ್ಲಿದೆ, ಅದನ್ನೂ ವಿಚಾರಿಸಿಕೊಳ್ಳಿ. ಹಂಚುವಾಗ ದಾರಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ನಿಂತು, ಅಕ್ಷರ ಅವರ ಕಡೆಗಿರುವಂತೆ ಚಾಚಿ, ಒಂದು ವಾಕ್ಯ ಹೇಳಿ: "ಓವರ್‌ಟೈಮ್ ಹಣ ಕೊಟ್ಟಿಲ್ಲ, ಶುಕ್ರವಾರ ಸಭೆ ಇದೆ." ಕಾರ್ಖಾನೆಯ ಗೇಟಾದರೆ ಪಾಳಿ ಬಿಡುವ ಹೊತ್ತು ಒಳ್ಳೆಯದು, ಒಳಗೆ ಹೋಗುವವರಿಗೆ ನಿಲ್ಲಲು ಪುರಸೊತ್ತಿರುವುದಿಲ್ಲ. ಬೇಡ ಎಂದವರ ಹಿಂದೆ ಹೋಗಬೇಡಿ. ಕೊನೆಗೆ ನೆಲಕ್ಕೆ ಬಿದ್ದ ಪ್ರತಿಗಳನ್ನೆಲ್ಲ ಆರಿಸಿಕೊಂಡೇ ಹೊರಡಿ.

ಮುಷ್ಕರಕ್ಕೆ ಬೆಂಬಲ ಕೊಡುವಾಗ ಒಂದು ಮಾತನ್ನು ಮರೆಯಲೇಬಾರದು. ಕೆಲಸ ಕಳೆದುಕೊಳ್ಳುವವರು ಅವರು, ನೀವಲ್ಲ. ಗೇಟಿನ ಮುಂದೆ ನೀವು ಹಾಕಿದ ಒಂದು ಖಾರದ ಘೋಷಣೆಗೆ, ನೀವು ಎಳೆದ ಒಂದು ಜಗಳಕ್ಕೆ ನೋಟಿಸು ಬರುವುದು ಅವರಿಗೆ. ಹಾಗಾಗಿ ಮುಷ್ಕರ ಸಮಿತಿಯನ್ನು ನೇರವಾಗಿ ಕೇಳಿ: ಇವತ್ತು ಏನು ಬೇಕು? ಎಷ್ಟು ಜನ? ಎಷ್ಟು ಹೊತ್ತಿಗೆ? ಪತ್ರಕರ್ತರು ನಿಮ್ಮ ಮುಂದೆ ಮೈಕು ಹಿಡಿದರೆ ಕಾರ್ಮಿಕರ ಕಡೆಗೆ ಕೈ ತೋರಿಸಿ. ಯಾವಾಗ ರಾಜಿ ಆಗಬೇಕು, ಎಷ್ಟಕ್ಕೆ ಒಪ್ಪಬೇಕು ಎಂಬ ತೀರ್ಮಾನದಲ್ಲಿ ನಿಮಗೆ ಮತ ಇಲ್ಲ, ಇರಲೂಬಾರದು. ಅವರು ಕಡಿಮೆಗೆ ಒಪ್ಪಿದರೆಂದು ಹೊರಗೆ ನಿಂತು ಬಯ್ಯುವುದು ಬಹಳ ದೊಡ್ಡ ಅನ್ಯಾಯ.

ಹಣದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಚಂದಾ ನಿಮ್ಮ ಸ್ವಂತ ಖಾತೆಗೆ ಒಂದು ದಿನವೂ ಬರಬಾರದು. ಸಮಿತಿಗೆ ನಿಧಿ ಇದ್ದರೆ ಕೊಡುವವರನ್ನು ಅಲ್ಲಿಗೇ ಕಳಿಸಿ. ಡಬ್ಬಿ ಹಿಡಿಯಲೇಬೇಕಾದರೆ ಇಬ್ಬರು ಒಟ್ಟಿಗೆ ಹೋಗಿ, ಒಟ್ಟಿಗೆ ಎಣಿಸಿ, ಇಬ್ಬರೂ ಸಹಿ ಹಾಕಿ, ಅದೇ ದಿನ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಪ್ರಾಮಾಣಿಕರ ಮೇಲೂ ಅನುಮಾನ ಬರುವುದು ಲೆಕ್ಕ ತಡವಾದಾಗಲೇ.

ಮೆರವಣಿಗೆ, ಧರಣಿಗಳಲ್ಲಿ ವೀಕ್ಷಕರಾಗಿ ನಿಲ್ಲುವವರು ಯಾವಾಗಲೂ ಕಡಿಮೆ. ವೀಕ್ಷಕರು ಘೋಷಣೆ ಕೂಗುವುದಿಲ್ಲ, ವಾದಕ್ಕೂ ಇಳಿಯುವುದಿಲ್ಲ. ಸಣ್ಣ ಪುಸ್ತಕದಲ್ಲಿ ಪ್ರತಿ ಸಾಲಿಗೂ ಸಮಯ ಹಾಕಿ ಕಂಡದ್ದನ್ನಷ್ಟೇ ಬರೆಯುತ್ತಾರೆ: ಪೊಲೀಸರು ಯಾವ ಆದೇಶ ಕೊಟ್ಟರು, ಚದುರಲು ಎಷ್ಟು ನಿಮಿಷ ಬಿಟ್ಟರು, ಯಾರನ್ನು ಎಲ್ಲಿಂದ ಕರೆದೊಯ್ದರು, ಸಮವಸ್ತ್ರದ ಮೇಲಿನ ಸಂಖ್ಯೆ ಏನು. "ಕ್ರೂರವಾಗಿ ಹೊಡೆದರು" ಎಂಬುದಕ್ಕಿಂತ "4.17, ಎಡ ಭುಜಕ್ಕೆ ಲಾಠಿ ಏಟು, ಎರಡು ಸಲ" ಎಂಬ ಸಾಲು ವಕೀಲರ ಕೈಗೆ ಬಲ ಕೊಡುತ್ತದೆ. ವಕೀಲರ ಫೋನ್ ನಂಬರನ್ನು ಅಳಿಯದ ಶಾಯಿಯಲ್ಲಿ ತೋಳಿನ ಮೇಲೆ ಬರೆದುಕೊಳ್ಳಿ, ಬಂಧನವಾದರೆ ಮೊಬೈಲು ನಿಮ್ಮ ಬಳಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ಬೆರಳಚ್ಚಿನ ಲಾಕ್ ತೆಗೆದು ಉದ್ದದ ಪಾಸ್‌ಕೋಡ್ ಹಾಕಿ. ಒಪ್ಪಿಗೆಯಿಲ್ಲದೆ ಯಾರ ಮುಖದ ಫೋಟೊವನ್ನೂ ಹಾಕಬೇಡಿ, ಆ ಒಂದು ಫೋಟೊದಿಂದ ನೌಕರಿ ಹೋದೀತು.

ನಿಮ್ಮಂತೆಯೇ ಹೊರಗಿರುವ ನಾಲ್ಕೈದು ಮಂದಿ ಪ್ರತಿ ವಾರ ಸೇರತೊಡಗಿದರೆ, ಹೆಸರಿಡದಿದ್ದರೂ ಅದು ಗುಂಪೇ. ನಮ್ಮಲ್ಲಿ ನಾಯಕರಿಲ್ಲ ಎಂದುಕೊಂಡ ಕಡೆ ಹೆಚ್ಚು ಬಿಡುವಿರುವವರು, ಜೋರಾಗಿ ಮಾತಾಡುವವರು ತಾವೇ ನಾಯಕರಾಗುತ್ತಾರೆ, ಅವರನ್ನು ಕೇಳುವವರೂ ಇರುವುದಿಲ್ಲ. ಸಭೆ ನಡೆಸುವ ಸರದಿಯನ್ನು ಮೊದಲ ದಿನವೇ ಬರೆದಿಡಿ. ಒಬ್ಬರಿಗೆ ಎರಡು ನಿಮಿಷ, ಎಲ್ಲರೂ ಒಮ್ಮೆ ಮಾತಾಡುವವರೆಗೆ ಯಾರಿಗೂ ಎರಡನೇ ಸಲ ಇಲ್ಲ.

ಬಿಡಬೇಕಾಗಿ ಬಂದರೆ ಎರಡು ವಾರ ಮೊದಲು ತಿಳಿಸಿ. ಬೀಗದ ಕೈ, ಫೋನ್ ನಂಬರುಗಳ ಪಟ್ಟಿ, ಕರಪತ್ರದ ಫೈಲು, ಉಳಿದ ಹಾಳೆಗಳನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ, ನಿಮ್ಮ ಮೊಬೈಲಿನಲ್ಲಿರುವ ಆ ಪಟ್ಟಿಯನ್ನು ಅವರ ಎದುರೇ ಅಳಿಸಿ.