ಟೈರು ಆರಿಸಲು ಮಣ್ಣೇ ಕಲಿಸಿದ್ದು

ನನ್ನದು ಹೀರೋ ಎಕ್ಸ್‌ಪಲ್ಸ್ 200 ಬೈಕು. ಮುಂದೆ 21 ಇಂಚಿನ, ಹಿಂದೆ 18 ಇಂಚಿನ ಸ್ಪೋಕ್ ಚಕ್ರ, ಎರಡರಲ್ಲೂ ಟ್ಯೂಬು. ಮೂಲ ಟೈರುಗಳು ಸವೆಯತೊಡಗಿದಾಗ, ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರವಲ್ಲವೇ ಎಂಬ ಲೆಕ್ಕಾಚಾರದಲ್ಲಿ ಹಿಂದಕ್ಕೆ ಮಾತ್ರ ದಪ್ಪ ಗುಬ್ಬಿಗಳಿರುವ, ಅಂದರೆ ಮೈಮೇಲೆ ರಬ್ಬರಿನ ಉಬ್ಬುಗಳಿರುವ ಬಟನ್ ಟೈರು ಹಾಕಿಸಿ, ಮುಂದೆ ಅರೆಸವೆದ ಹಳೆಯದನ್ನೇ ಉಳಿಸಿಕೊಂಡೆ. ಆಷಾಢದ ಒಂದು ಬೆಳಿಗ್ಗೆ ಮೂಡಿಗೆರೆ ಕಡೆಯ ಕಾಫಿ ತೋಟದ ಇಳಿಜಾರಿನಲ್ಲಿ ಆ ಜಿಪುಣತನಕ್ಕೆ ದಂಡ ತೆತ್ತೆ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಒಂದಿಷ್ಟು ಅವಕಾಶವಿರುತ್ತದೆ. ಮುಂದಿನದು ಜಾರಿದಾಗ ನಾನು ನೆಲದ ಮೇಲಿದ್ದೆ. ಎದ್ದು ನೋಡಿದರೆ ಮುಂದಿನ ಟೈರಿನ ಸಂದುಗಳಲ್ಲೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಅದು ಮಡಕೆಯ ಹೊರಮೈಯಂತೆ ನುಣ್ಣಗಾಗಿತ್ತು. ಹಿಂದಿನದರ ಗುಬ್ಬಿಗಳ ನಡುವೆ ಅಂತರ ಹೆಚ್ಚಿದ್ದುದರಿಂದ ಚಕ್ರ ತಿರುಗಿದಂತೆ ಮಣ್ಣು ಸಿಡಿದುಹೋಗಿತ್ತು.

ಅಂದಿನಿಂದ ಟೈರು ಕೊಳ್ಳುವಾಗ ನಾನು ಗುಬ್ಬಿಯ ಎತ್ತರಕ್ಕಿಂತ ಮೊದಲು ಗುಬ್ಬಿಗಳ ನಡುವಿನ ಜಾಗವನ್ನು ನೋಡುತ್ತೇನೆ. ಮಲೆನಾಡಿನ ಅಂಟು ಮಣ್ಣಿಗೆ ಆ ಜಾಗ ಅಗಲವಾಗಿರಬೇಕು. ರಾಮನಗರದ ಬಂಡೆಗಳ ಮೇಲೆ ಮಾತು ತಿರುಗುಮುರುಗು: ಅಲ್ಲಿ ಎತ್ತರದ ಗುಬ್ಬಿಗಳು ಬಾಗುತ್ತವೆ, ಕಲ್ಲಿಗೆ ತಾಗುವ ರಬ್ಬರೂ ಕಡಿಮೆ, ಆದ್ದರಿಂದ ಒತ್ತೊತ್ತಾಗಿರುವ ಗುಬ್ಬಿಗಳೇ ಹಿಡಿತ ಕೊಡುತ್ತವೆ. ಗದಗದ ಎರೆ ಮಣ್ಣು ನೆನೆದಿದ್ದರೆ ಯಾವ ಟೈರೂ ಉಪಯೋಗಕ್ಕೆ ಬಾರದು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದುಕೊಂಡು ಚಕ್ರವೇ ನಿಂತುಬಿಡುತ್ತದೆ, ಹಾಗಾಗಿ ನೆಲ ಒಣಗುವವರೆಗೆ ಕಾಯುತ್ತೇನೆ.

ಬೆಂಗಳೂರಿನಿಂದ ಮಲೆನಾಡು ಮುಟ್ಟಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ಡಾಂಬರು ರಸ್ತೆಯಲ್ಲಿ ಹೋಗಬೇಕು. ಪೂರಾ ಬಟನ್ ಟೈರು ಅಲ್ಲಿ ಬೇಗ ಸವೆಯುತ್ತದೆ, ಒದ್ದೆ ಡಾಂಬರಿನ ಮೇಲೆ ಬ್ರೇಕು ಹಿಡಿದಾಗ ಭಯವನ್ನೂ ಹುಟ್ಟಿಸುತ್ತದೆ. ಕೊನೆಗೆ ನಾನು ಒಪ್ಪಿಕೊಂಡದ್ದು ಮುಂದೆ ಬಟನ್ ಟೈರು, ಹಿಂದೆ ರಸ್ತೆಗೂ ಮಣ್ಣಿಗೂ ಹೊಂದುವ ನಡುವಿನದು, ಅಂದರೆ ಮೊದಲು ಮಾಡಿದ್ದರ ತದ್ವಿರುದ್ಧ. ಅಳತೆ ಮಾತ್ರ ಕಂಪನಿ ಕೊಟ್ಟದ್ದೇ, ಮುಂದೆ 90/90, ಹಿಂದೆ 120/80 (ಮೊದಲ ಅಂಕಿ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಎತ್ತರ). ಅಗಲದ ಟೈರು ನೋಡಲು ಚೆನ್ನ, ಆದರೆ ಕೆಸರನ್ನು ಸೀಳಿ ಗಟ್ಟಿ ನೆಲ ಮುಟ್ಟುವುದು ಕಿರಿದಾದದ್ದೇ.

ಉಳಿದದ್ದು ಗಾಳಿಯ ವಿಚಾರ. ಕೆಸರಿಗೂ ಮರಳಿಗೂ ಗಾಳಿಯ ಒತ್ತಡವನ್ನು 18ರಿಂದ 20 ಪಿಎಸ್ಐವರೆಗೆ (ಒತ್ತಡ ಅಳೆಯುವ ಮಾನ) ಇಳಿಸುತ್ತೇನೆ. ಕಲ್ಲಿನ ದಾರಿಯಲ್ಲಿ ಅಷ್ಟು ಇಳಿಸಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬು ಹರಿಯುತ್ತದೆ. ಗಾಳಿ ಇಳಿಸಿ ಓಡಿಸಿದ ಮೇಲೆ ವಾಲ್ವಿನ ಬುಡ ಓರೆಯಾಗಿ ನಿಂತಿದ್ದರೆ, ಟೈರು ಟ್ಯೂಬನ್ನೂ ಎಳೆದುಕೊಂಡು ರಿಮ್ಮಿನ ಮೇಲೆ ಸರಿದಿದೆ ಎಂದರ್ಥ. ಅಲ್ಲೇ ಗಾಡಿ ನಿಲ್ಲಿಸಿ, ಪೂರ್ತಿ ಗಾಳಿ ಬಿಟ್ಟು, ಟೈರನ್ನು ಹಿಂದಕ್ಕೆ ಜರುಗಿಸಿ ವಾಲ್ವನ್ನು ನೆಟ್ಟಗೆ ಮಾಡಿ, ಕಾಲ್ಪಂಪಿನಿಂದ ಮತ್ತೆ ಗಾಳಿ ತುಂಬುತ್ತೇನೆ.