ಫ್ರಿಜ್ಜಿನಲ್ಲೊಂದು ಕಣಕ

ನಮ್ಮ ಫ್ರಿಜ್ಜಿನ ಕೆಳಗಿನ ಹಲಗೆಯ ಮೇಲೆ ಆರು ಲೀಟರಿನ ಒಂದು ಡಬ್ಬಿ ಸದಾ ಇರುತ್ತದೆ. ಅದರ ಮುಚ್ಚಳವನ್ನು ಬಿಗಿಯಾಗಿ ಒತ್ತಬಾರದೆಂದು ಮನೆಯ ಚಿಕ್ಕ ಮಗನಿಗೂ ಗೊತ್ತು. ಒಮ್ಮೆ ನಾನೇ ಹಾಗೆ ಒತ್ತಿಟ್ಟಿದ್ದೆ. ಒಳಗಿನ ಗಾಳಿ ನಡುರಾತ್ರಿ ಮುಚ್ಚಳವನ್ನು ಹಾರಿಸಿ, ಬೆಳಗ್ಗೆ ನೋಡಿದರೆ ಕಣಕ ತರಕಾರಿಯ ತಟ್ಟೆಗೆ ಇಳಿದಿತ್ತು. ಆ ಡಬ್ಬಿಯಲ್ಲಿರುವುದು ಬ್ರೆಡ್ಡಿನ ಕಣಕ. ವಾರಕ್ಕೊಮ್ಮೆ ಕಲಸುತ್ತೇನೆ. ಬ್ರೆಡ್ಡು, ಸಿಹಿ ಸುರುಳಿ, ಬಾಣಲೆಯ ರೊಟ್ಟಿ, ಎಲ್ಲವೂ ಅದರಿಂದಲೇ. ದಿನಕ್ಕೊಂದು ಹೊಸ ಪಾಕ ಹುಡುಕುತ್ತ ಕೂರುವುದನ್ನು ನಾನು ಬಿಟ್ಟದ್ದು ಈ ಡಬ್ಬಿ ಬಂದ ಮೇಲೆ.

ಇಲ್ಲಿಗೆ ಬರುವ ಮೊದಲು ನಾನು ಹಾಳು ಮಾಡಿದ ಹಿಟ್ಟಿಗೆ ಲೆಕ್ಕವಿಲ್ಲ. ನನ್ನ ಮೊದಲ ಬ್ರೆಡ್ಡನ್ನು ಅಮ್ಮ ಮೇಜಿನ ಮೇಲೆ ಕುಟ್ಟಿ ನೋಡಿದರು. "ಇದಕ್ಕೆ ಚಾಕು ಬೇಡಮ್ಮ, ಸುತ್ತಿಗೆ ಕೊಡು" ಎಂದರು. ಯೀಸ್ಟು ಬೇಗ ಎಚ್ಚರವಾಗಲಿ ಎಂದು ಕುದಿಯುವುದಕ್ಕೆ ಸ್ವಲ್ಪವೇ ಮುಂಚೆ ಇಳಿಸಿದ ನೀರನ್ನು ಅದರ ಮೇಲೆ ಸುರಿದಿದ್ದೆ. ಯೀಸ್ಟು ಜೀವಿ. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಸತ್ತೇಹೋಗುತ್ತದೆ. ಬೆರಳು ಅದ್ದಿದಾಗ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಎನ್ನಿಸುವ ನೀರು ಅದಕ್ಕೆ ಹಿತ. ನಾನಂತೂ ಈಗ ನಲ್ಲಿಯ ನೀರನ್ನೇ ಹಾಕುತ್ತೇನೆ. ಉಬ್ಬುವುದಕ್ಕೆ ಒಂದು ಗಂಟೆ ಹೆಚ್ಚು ಬೇಕಾಗುತ್ತದೆ, ಅಷ್ಟೆ.

ಎರಡನೆಯ ತಪ್ಪು ಪತ್ತೆಯಾಗಲು ತಿಂಗಳುಗಳೇ ಹಿಡಿದವು. ಒಂದು ವಾರ ಚೆನ್ನಾಗಿ ಬಂದದ್ದು ಮುಂದಿನ ವಾರ ಒಣಕಲಾಗುತ್ತಿತ್ತು. ಅದೇ ಪಾಕ, ಅದೇ ಕೈ. ಬೇಸತ್ತು ಒಂದು ಸಂಜೆ ಅದೇ ಕಪ್ಪಿನಲ್ಲಿ ಮೈದಾವನ್ನು ಬೇರೆ ಬೇರೆ ರೀತಿಯಲ್ಲಿ ತುಂಬಿ ತೂಗಿ ನೋಡಿದೆ. ಚಮಚದಿಂದ ಹಗುರವಾಗಿ ಸುರಿದಾಗ 120 ಗ್ರಾಂ, ಕಪ್ಪನ್ನೇ ಹಿಟ್ಟಿನೊಳಗೆ ನೂಕಿ ಎತ್ತಿದಾಗ 150 ಗ್ರಾಂ! ನಾಲ್ಕು ಕಪ್ಪು ಹಿಟ್ಟಿಗೆ 120 ಗ್ರಾಂ ವ್ಯತ್ಯಾಸ, ಅಂದರೆ ಒಂದು ಇಡೀ ಕಪ್ಪು. ಅಂದಿನಿಂದ ಅಡುಗೆಮನೆಯ ಕಟ್ಟೆಯ ಮೇಲೆ ಚಿಕ್ಕ ತೂಕದ ಯಂತ್ರ ಬಂತು, ಕಪ್ಪು ಚಹಾಕ್ಕೆ ಮರಳಿತು. ನೀರನ್ನೂ ತೂಗುತ್ತೇನೆ. ಒಂದೇ ಪಾತ್ರೆಯಲ್ಲಿ ಒಂದೊಂದನ್ನಾಗಿ ಸುರಿಯುತ್ತ ಯಂತ್ರವನ್ನು ಸೊನ್ನೆಗೆ ತಂದುಕೊಂಡರಾಯಿತು. ತೊಳೆಯುವ ಪಾತ್ರೆಗಳೂ ಕಡಿಮೆ.

ನನ್ನ ಅಳತೆ ಇದು: ಮೈದಾ ಒಂದು ಕಿಲೋ, ನೀರು 700 ಗ್ರಾಂ, ಉಪ್ಪು 20 ಗ್ರಾಂ, ಇನ್‌ಸ್ಟಂಟ್ ಯೀಸ್ಟು 5 ಗ್ರಾಂ. ಇದರಲ್ಲಿ 200 ಗ್ರಾಂ ಮೈದಾದ ಬದಲು ಗೋಧಿ ಹಿಟ್ಟು ಹಾಕುವುದುಂಟು. ಆಗ ಹೊಟ್ಟು ನೀರು ಕುಡಿಯುವುದರಿಂದ ಇನ್ನೊಂದು 30 ಗ್ರಾಂ ನೀರು ಸೇರಿಸುತ್ತೇನೆ. ಉಪ್ಪನ್ನು ಮಾತ್ರ ಮರೆಯಬಾರದು. ಮರೆತ ದಿನ ಕಣಕ ಎಂದಿಗಿಂತ ಜೋರಾಗಿ ಉಬ್ಬಿತ್ತು, ನಾನು ಬೀಗಿದ್ದೆ. ಬಾಯಿಗಿಟ್ಟರೆ ಹತ್ತಿ ಜಗಿದಂತೆ. ಉಪ್ಪು ಯೀಸ್ಟಿನ ಓಟಕ್ಕೆ ಕಡಿವಾಣ ಹಾಕುತ್ತದೆ, ಕಣಕಕ್ಕೆ ಬಿಗಿ ಕೊಡುತ್ತದೆ ಎಂಬುದು ಆಗ ತಿಳಿಯಿತು.

ನಾದುವ ಕೆಲಸ ನನಗಿಲ್ಲ. ಒಣ ಹಿಟ್ಟು ಎಲ್ಲೂ ಕಾಣದಂತೆ ಮರದ ಸೌಟಿನಲ್ಲಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡುತ್ತೇನೆ. ನೀರು ಸೋಕಿದ ಗೋಧಿಯ ಪ್ರೋಟೀನುಗಳು ತಾವಾಗಿಯೇ ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ನಾದುವುದು ಆ ಕೆಲಸವನ್ನು ಬೇಗ ಮುಗಿಸುತ್ತದೆ, ಕಾಯುವುದು ನಿಧಾನವಾಗಿ ಮುಗಿಸುತ್ತದೆ. ಆಮೇಲೆ ಅರ್ಧ ಗಂಟೆಗೊಮ್ಮೆ, ಮೂರು ಸಲ, ಒದ್ದೆ ಕೈಯಿಂದ ಕಣಕದ ಅಂಚನ್ನು ಎಳೆದು ನಡುವಿಗೆ ಮಡಚುತ್ತೇನೆ. ಮೊದಲ ಸಲ ಹರಿದುಹೋಗುವಂಥದ್ದು ಮೂರನೆಯ ಸಲಕ್ಕೆ ಬಟ್ಟೆಯಂತೆ ಹಿಗ್ಗುತ್ತದೆ. ಅಂಟುತ್ತದೆ ಎಂದು ಹಿಟ್ಟು ಉದುರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ, ಕೈಗೆ ನೀರು ಮುಟ್ಟಿಸಿ. ಉದುರಿಸಿದ ಪ್ರತಿ ಮುಷ್ಟಿಯೂ ಬ್ರೆಡ್ಡನ್ನು ಅಮ್ಮನ ಸುತ್ತಿಗೆಯ ಕಡೆಗೆ ಒಂದು ಹೆಜ್ಜೆ ತಳ್ಳುತ್ತದೆ.

ಮರುದಿನ ಡಬ್ಬಿಯಿಂದ 700 ಗ್ರಾಂ ಕತ್ತರಿಸಿ, ಉರುಟು ಮಾಡಿ, ಬೆಣ್ಣೆ ಸವರಿದ ಅಚ್ಚಿಗೆ ಇಳಿಸುತ್ತೇನೆ. ತಣ್ಣಗಿನ ಕಣಕ ಉಬ್ಬಲು ಎರಡು ಗಂಟೆಯೂ ಬೇಕಾಗಬಹುದು. ಗಡಿಯಾರ ನೋಡುವುದಿಲ್ಲ, ಬೆರಳಿನಿಂದ ಒತ್ತುತ್ತೇನೆ. ಗುಳಿ ತಟ್ಟನೆ ಮೇಲೆದ್ದರೆ ಇನ್ನೂ ಕಾಯಬೇಕು, ಮೆಲ್ಲನೆ ಅರ್ಧ ಮೇಲೆದ್ದರೆ ಅದೇ ಹದ, ಏಳದೆ ಹಾಗೇ ಉಳಿದರೆ ತಡವಾಗಿದೆ. ತಡವಾದ ಕಣಕವನ್ನು ಓವನ್ನಿಗೆ ಹಾಕಿದರೆ ಕುಸಿಯುತ್ತದೆ, ಹಾಗಾಗಿ ಅದನ್ನು ತಟ್ಟಿ ಚಪ್ಪಟೆ ಮಾಡಿ ಬೇರೇನಕ್ಕೋ ಬಳಸುತ್ತೇನೆ.

ಓವನ್ನಿನ ವಿಷಯದಲ್ಲಿ ನನಗೊಂದು ಸಿಟ್ಟಿದೆ. ವರ್ಷಗಟ್ಟಲೆ ಬ್ರೆಡ್ಡು ಬಿಳಿಚಿಕೊಂಡು ಬರುತ್ತಿದ್ದುದಕ್ಕೆ ನನ್ನನ್ನೇ ದೂರಿಕೊಂಡಿದ್ದೆ. ಕೊನೆಗೆ ಒಳಗೆ ನೇತುಹಾಕುವ ಸಣ್ಣ ಥರ್ಮಾಮೀಟರ್ ಇಟ್ಟು ನೋಡಿದರೆ, ಗುಂಡಿ 220 ಎನ್ನುವಾಗ ಒಳಗಿದ್ದದ್ದು 190! ದೀಪ ಆರಿದರೆ ಓವನ್ ಕಾದಿದೆ ಎಂದುಕೊಳ್ಳುತ್ತೇವೆ, ಆದರೆ ಗೋಡೆಗಳು ಬಿಸಿಯಾಗಲು ಇನ್ನೂ ಹದಿನೈದು ನಿಮಿಷ ಬೇಕು. ಬ್ರೆಡ್ಡಿನ ಮೇಲ್ಪದರಕ್ಕೆ ಕಂದುಬಣ್ಣವನ್ನೂ ಆ ಪರಿಮಳವನ್ನೂ ಕೊಡುವುದು ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವನದೇ ಹೆಸರು. ಅದು ಚುರುಕಾಗುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರಿರುವ ತನಕ ಅದರ ಬಿಸಿ 100ರ ಆಚೆ ಏರುವುದೇ ಇಲ್ಲ. ಬಿಸಿ ಸಾಲದ ಓವನ್ನಿನಲ್ಲಿ ಬ್ರೆಡ್ಡು ಬಣ್ಣ ಬರುವಷ್ಟರಲ್ಲಿ ಒಣಗಿ ಹೋಗುವುದು ಇದಕ್ಕೇ. ಈಗ ಗುಂಡಿಯನ್ನು 250ಕ್ಕೆ ತಿರುಗಿಸಿ 220 ಪಡೆಯುತ್ತೇನೆ. ಮೂವತ್ತೈದು ನಿಮಿಷಕ್ಕೆ ತೆಗೆದು ತಳ ತಟ್ಟಿದರೆ ಪೊಳ್ಳು ಸದ್ದು. ನಡುವಿಗೆ ಥರ್ಮಾಮೀಟರ್ ಚುಚ್ಚಿದರೆ 95. ಆಮೇಲೆ ಜಾಲರಿಯ ಮೇಲೆ ಒಂದು ಗಂಟೆ. ಈ ಒಂದು ಗಂಟೆಯೇ ನಮ್ಮ ಮನೆಯಲ್ಲಿ ಅತಿ ಕಷ್ಟದ ಹಂತ. ಬಿಸಿಯಲ್ಲೇ ಕೊಯ್ದರೆ ಒಳಗೆ ಅಂಟಂಟು ಎಂದು ಎಷ್ಟು ಹೇಳಿದರೂ ಒಂದು ತುದಿ ಯಾವಾಗಲೋ ಮಾಯವಾಗಿರುತ್ತದೆ.

ಮೂರನೆಯ ದಿನ ಸಿಹಿ. 500 ಗ್ರಾಂ ಕಣಕವನ್ನು ಆಯತಕ್ಕೆ ಲಟ್ಟಿಸಿ, 60 ಗ್ರಾಂ ಮೆತ್ತಗಿನ ಬೆಣ್ಣೆ, 80 ಗ್ರಾಂ ಬೆಲ್ಲದ ಪುಡಿ, ಎರಡು ಚಮಚ ಚಕ್ಕೆ ಪುಡಿ ಹರಡಿ ಸುತ್ತುತ್ತೇನೆ. ಲಟ್ಟಿಸುವಾಗ ಕಣಕ ಹಿಂದಕ್ಕೆ ಜಗ್ಗಿದರೆ ಅದರೊಂದಿಗೆ ಜಗಳವಾಡದೆ ಹತ್ತು ನಿಮಿಷ ಬಿಡಬೇಕು. ಸುರುಳಿಯನ್ನು ಚಾಕುವಿನಿಂದ ಕೊಯ್ದರೆ ಹಿಸುಕಿ ಚಪ್ಪಟೆಯಾಗುತ್ತದೆ. ಅಡಿಗೆ ದಾರ ತೂರಿಸಿ, ಮೇಲೆ ಅಡ್ಡಹಾಯಿಸಿ ಎಳೆದರೆ ದುಂಡಗೆ ತುಂಡಾಗುತ್ತದೆ. ದಾರ ಎಳೆಯುವ ಹಕ್ಕು ಮಗಳದು. ಅದನ್ನು ತಮ್ಮನಿಗೆ ಬಿಟ್ಟುಕೊಡಲು ಅವಳು ಕೇಳುವ ಲಂಚ ನಡುವಿನ ಸುರುಳಿ. ಸುತ್ತಲೂ ಬೇರೆಯವು ಒತ್ತಿಕೊಂಡಿರುವುದರಿಂದ ಅದಕ್ಕೆ ಗಟ್ಟಿ ಅಂಚೇ ಇರುವುದಿಲ್ಲ.

ಐದನೆಯ ದಿನದ ಕಣಕ ಹುಳಿಯ ವಾಸನೆ ಬೀರುತ್ತ ಸಡಿಲವಾಗಿರುತ್ತದೆ. ಯೀಸ್ಟು ಸಕ್ಕರೆಯನ್ನೆಲ್ಲ ತಿಂದಿರುವುದರಿಂದ ಬ್ರೆಡ್ಡು ಮಾಡಿದರೆ ಬಣ್ಣ ಬರುವುದಿಲ್ಲ. ತೆಳುವಾಗಿ ತಟ್ಟಿ ದಪ್ಪ ತಳದ ಬಾಣಲೆಯಲ್ಲಿ ಸುಡಲು ಮಾತ್ರ ಅದಕ್ಕಿಂತ ರುಚಿಯದು ಬೇರೆಯಿಲ್ಲ. ಮೇಲೆ ಹಿಂದಿನ ದಿನದ ಪಲ್ಯ, ಹುರಿದ ಅಣಬೆ, ಸ್ವಲ್ಪ ಚೀಸು. ಅಣಬೆ, ಟೊಮೆಟೊಗಳ ನೀರನ್ನು ಮೊದಲೇ ಇಂಗಿಸಿಕೊಳ್ಳದಿದ್ದರೆ ರೊಟ್ಟಿ ನೆನೆದ ಕಾಗದವಾಗುತ್ತದೆ.

ಉಳಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಪಿಷ್ಟ ಮತ್ತೆ ಹರಳುಗಟ್ಟಿ ಬ್ರೆಡ್ಡು ಬಿರುಸಾಗುವುದು ಆ ತಂಪಿನಲ್ಲೇ ಅತಿ ವೇಗ. ಹೋಳು ಮಾಡಿ ಫ್ರೀಜರಿನಲ್ಲಿಟ್ಟರೆ ನೇರವಾಗಿ ಟೋಸ್ಟರಿಗೆ ಹಾಕಬಹುದು. ಬಿರುಸಾದದ್ದೂ ಪುಡಿಂಗಿಗೆ ಹೇಳಿ ಮಾಡಿಸಿದ್ದು: 200 ಗ್ರಾಂ ಹೋಳು, 400 ಮಿಲಿಲೀಟರ್ ಹಾಲು, ಎರಡು ಮೊಟ್ಟೆ, 60 ಗ್ರಾಂ ಸಕ್ಕರೆ, ಒಂದು ಹಿಡಿ ಒಣದ್ರಾಕ್ಷಿ. ಅರ್ಧ ಗಂಟೆ ನೆನೆಸಿ 160 ಡಿಗ್ರಿಯಲ್ಲಿ ಬೇಯಿಸಿ, ತಟ್ಟೆ ಅಲುಗಾಡಿಸಿದಾಗ ನಡುಭಾಗ ಇನ್ನೂ ಕಂಪಿಸುತ್ತಿರುವಾಗಲೇ ಹೊರತೆಗೆಯುತ್ತೇನೆ. ಉಳಿದದ್ದನ್ನು ಅದರೊಳಗಿನ ಬಿಸಿಯೇ ಬೇಯಿಸಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾಗುವ ತನಕ ಬಿಟ್ಟರೆ ಮೊಟ್ಟೆ ಒಡೆದು ನೀರು ಬಿಡುತ್ತದೆ. ಹಲ್ಲಿನ ತೊಂದರೆ ಇರುವ ಅಮ್ಮನಿಗೆ ವಾರದ ಎಲ್ಲ ತಿನಿಸುಗಳಲ್ಲಿ ಇದೇ ಇಷ್ಟ, ಸುತ್ತಿಗೆಯ ಮಾತನ್ನು ಅವರು ಇನ್ನೂ ಬಿಟ್ಟಿಲ್ಲವಾದರೂ.

ಕೇಕಿಗೆ ಈ ಡಬ್ಬಿ ಉಪಯೋಗವಿಲ್ಲ, ಆದರೆ ತೂಕದ ಯಂತ್ರ ಇದೆ. ಮೂರು ಮೊಟ್ಟೆಗಳನ್ನು ಚಿಪ್ಪಿನ ಸಮೇತ ತೂಗಿ, ಅಷ್ಟೇ ತೂಕದ ಬೆಣ್ಣೆ, ಸಕ್ಕರೆ, ಮೈದಾ, ಜೊತೆಗೆ ಒಂದೂವರೆ ಚಹಾಚಮಚ ಬೇಕಿಂಗ್ ಪೌಡರ್. ಅದು ಮುಗಿದಿದ್ದರೆ ಅಷ್ಟೇ ಸೋಡಾ ಹಾಕಬೇಡಿ. ನಾನು ಹಾಕಿದ್ದೇನೆ, ಕೇಕು ಸಾಬೂನಿನ ರುಚಿಗೆ ಬಂದಿತ್ತು. ಸೋಡಾ ಅದಕ್ಕಿಂತ ಮೂರು ನಾಲ್ಕು ಪಟ್ಟು ಪ್ರಬಲ, ಮೇಲಾಗಿ ಮೊಸರಿನಂಥ ಹುಳಿ ಜೊತೆಗಿರಬೇಕು. ಬೇಕಿಂಗ್ ಪೌಡರಿನಲ್ಲಿ ಆ ಹುಳಿ ಒಣಪುಡಿಯಾಗಿ ಮೊದಲೇ ಸೇರಿರುತ್ತದೆ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಅಂಥದ್ದೊಂದನ್ನು ಮಾಡಿದ್ದು ಯೀಸ್ಟು ಒಗ್ಗದ ಹೆಂಡತಿಗೆ ಬ್ರೆಡ್ಡು ತಿನ್ನಿಸಲಿಕ್ಕಂತೆ. ಮನೆಯವರಿಗಾಗಿ ಹಿಟ್ಟಿನಲ್ಲಿ ಕೈಯಾಡಿಸಿದ ಆ ಮನುಷ್ಯನ ಮೇಲೆ ನನಗೊಂದು ಸಲಿಗೆ ಬೆಳೆದುಬಿಟ್ಟಿದೆ.

ಇವತ್ತು ಆರನೆಯ ದಿನ. ಡಬ್ಬಿಯ ತಳದಲ್ಲಿ ಒಂದು ಮುಷ್ಟಿ ಕಣಕ ಉಳಿದಿದೆ. ಅದನ್ನು ಕಿತ್ತು ತೊಳೆಯುವುದಿಲ್ಲ, ನಾಳಿನ ನೀರಿನಲ್ಲಿ ಕದಡಿ ಅದರ ಮೇಲೆಯೇ ಹೊಸ ಹಿಟ್ಟನ್ನು ಸುರಿಯುತ್ತೇನೆ.