ರಿಟೇಲ್ ಮಾಸ್ತರನ ಕಪಾಟಿನ ಅಂಗಡಿ

"ಅಂಗಡ್ಯಾಗ ಪೊಟ್ಟಣ ಕಟ್ಟಾಕ ಸಾಲಿ ಯಾಕ ಬೇಕ್ರಿ ಸರ? ಅದನ್ನ ನಾನ ಕಲಿಸ್ತೀನಿ. ನೀವು ಹಿಂದಿ ಕಲಸ್ರಿ."

ಪಾಲಕರ ಸಭೆಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಹೇಳಿದವರು ಬಸ್‌ಸ್ಟ್ಯಾಂಡ್ ಎದುರಿಗೆ ಕಿರಾಣಿ ಅಂಗಡಿ ಇಟ್ಟುಕೊಂಡವರು, ಮಗ ಆಗಷ್ಟೇ ಒಂಬತ್ತನೇ ತರಗತಿಗೆ ಬಂದಿದ್ದ. ಸಭೆ ನಕ್ಕಿತು, ನಾನೂ ನಕ್ಕೆ. ಉತ್ತರ ಮಾತ್ರ ನನ್ನ ಹತ್ತಿರ ಇರಲಿಲ್ಲ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ರಿಟೇಲ್ (ಚಿಲ್ಲರೆ ವ್ಯಾಪಾರ) ವಿಷಯದ ವೃತ್ತಿ ತರಬೇತುದಾರ. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ನಾಲ್ಕು ವರ್ಷ ದುಡಿದೆ. ಮೊದಲು ರ್‍ಯಾಕ್ ತುಂಬುವುದು, ಆಮೇಲೆ ಬಿಲ್ಲಿಂಗ್, ಕೊನೆಗೆ ಸ್ಟಾಕ್. 2018ರಲ್ಲಿ ಇಲ್ಲಿಗೆ ಬಂದೆ. ಅದೇ ವರ್ಷ ಸರ್ವ ಶಿಕ್ಷಣ ಅಭಿಯಾನ, ಆರ್‌ಎಂಎಸ್‌ಎ (ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ), ಶಿಕ್ಷಕರ ತರಬೇತಿ ಈ ಮೂರೂ ಯೋಜನೆ ಒಂದಾಗಿ 'ಸಮಗ್ರ ಶಿಕ್ಷಣ' ಆಗಿತ್ತು. ನಮ್ಮ ವಿಷಯಕ್ಕೆ ದುಡ್ಡು ಬರುವುದು ಆ ಯೋಜನೆಯಿಂದ, ಕೇಂದ್ರದ್ದು 60 ಪಾಲು, ರಾಜ್ಯದ್ದು 40. ತರಬೇತುದಾರರ ಗೌರವಧನ, ಲ್ಯಾಬಿನ ಸಾಮಾನು, ಅತಿಥಿ ಉಪನ್ಯಾಸ, ಕ್ಷೇತ್ರ ಭೇಟಿ ಎಲ್ಲಕ್ಕೂ ಅದರಲ್ಲಿ ಅವಕಾಶ ಉಂಟು.

ಕಡತದಲ್ಲಿ ಇದರ ಹೆಸರು ಎನ್‌ಎಸ್‌ಕ್ಯೂಎಫ್, ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು. 2013ರ ಡಿಸೆಂಬರಿನಲ್ಲಿ ಅಧಿಸೂಚನೆ ಆದದ್ದು. ಮಕ್ಕಳ ಬಾಯಲ್ಲಿ ಮಾತ್ರ ಅದು 'ನಾಲ್ಕ್ ಅಕ್ಷರದ ಸಬ್ಜೆಕ್ಟ್'. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ರಿಟೇಲ್, ಆಟೊಮೊಬೈಲ್, ಐಟಿ, ಹೆಲ್ತ್‌ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥವನ್ನು ತೃತೀಯ ಭಾಷೆಯ ಜಾಗದಲ್ಲಿ ತೆಗೆದುಕೊಳ್ಳಬಹುದು. ಅಂದರೆ ನನ್ನ ಕ್ಲಾಸಿಗೆ ಒಂದು ಮಗು ಬಂತೆಂದರೆ ಹಿಂದಿ ಕ್ಲಾಸಿನಲ್ಲಿ ಒಂದು ಮಗು ಕಡಿಮೆ. ನಮ್ಮ ಹಿಂದಿ ಟೀಚರ್ ಮೊದಲ ತಿಂಗಳು ನನ್ನ ಜೊತೆ ಚಹಾ ಕುಡಿಯಲಿಲ್ಲ. ಅವರದೇನೂ ತಪ್ಪಿಲ್ಲ, ಮಕ್ಕಳ ಸಂಖ್ಯೆ ಇಳಿದರೆ ಹುದ್ದೆಗೇ ಕುತ್ತು ಎಂಬ ಹೆದರಿಕೆ.

ಮೊದಲ ವರ್ಷ ಪುಸ್ತಕ ಹಿಡಿದು ಪಾಠ ಮಾಡಿದೆ. ಪಠ್ಯಕ್ರಮ ಭೋಪಾಲದ ಪಂಡಿತ ಸುಂದರಲಾಲ ಶರ್ಮಾ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆಯದು. ಅದರಲ್ಲಿ ಒಂದು ಭಾಗ ಕಸುಬಿನದು. ನಮ್ಮ ಮಕ್ಕಳನ್ನು ತಯಾರು ಮಾಡುವ ಹುದ್ದೆಯ ಹೆಸರು 'ಸ್ಟೋರ್ ಆಪರೇಷನ್ಸ್ ಅಸಿಸ್ಟೆಂಟ್': ಸರಕು ಇಳಿಸಿಕೊಳ್ಳುವುದು, ಜೋಡಿಸುವುದು, ದಾಸ್ತಾನಿನ ಲೆಕ್ಕ, ಗಿರಾಕಿಯ ಜೊತೆ ನಡೆದುಕೊಳ್ಳುವುದು. ಇನ್ನೊಂದು ಭಾಗ ಎಲ್ಲ ಕಸುಬಿನವರಿಗೂ ಒಂದೇ, ಉದ್ಯೋಗಾರ್ಹತಾ ಕೌಶಲಗಳು. ಸಂವಹನ, ಸ್ವನಿರ್ವಹಣೆ, ಐಸಿಟಿ, ಉದ್ಯಮಶೀಲತೆ, ಹಸಿರು ಕೌಶಲ ಅಂತ ಐದು ಘಟಕ. ಮಕ್ಕಳು ಸಂವಹನದ 'ಏಳು ಸಿ'ಗಳನ್ನು, ಅಂದರೆ ಇಂಗ್ಲಿಷಿನ 'ಸಿ' ಅಕ್ಷರದಿಂದ ಶುರುವಾಗುವ ಒಳ್ಳೆಯ ಮಾತಿನ ಏಳು ಗುಣಗಳನ್ನು, ಬಾಯಿಪಾಠ ಮಾಡಿದರು. ಏಳಕ್ಕೆ ಏಳೂ ಸರಿ ಬರೆದ ಹುಡುಗನೊಬ್ಬ ಮರುದಿನ ಅಕ್ಕನ ಮದುವೆಗೆ ರಜೆ ಕೇಳಬೇಕಿತ್ತು. ಹೆಡ್‌ಮಾಸ್ತರ ಕೋಣೆಯ ಬಾಗಿಲಲ್ಲಿ ಅರ್ಧ ಗಂಟೆ ನಿಂತು, ಕೊನೆಗೆ ಗೆಳೆಯನನ್ನು ಒಳಗೆ ಕಳಿಸಿದ. ನಾನು ಎದುರಿನ ವರಾಂಡದಲ್ಲಿ ನಿಂತು ನೋಡುತ್ತಿದ್ದೆ.

ಲ್ಯಾಬಿಗೆ ರ್‍ಯಾಕ್, ಬಾರ್‌ಕೋಡ್ ಸ್ಕ್ಯಾನರ್, ಬಿಲ್ಲಿಂಗಿಗೆ ಒಂದು ಕಂಪ್ಯೂಟರ್, ಜೊತೆಗೆ ಬಟ್ಟೆ ಅಂಗಡಿಯ ಗೊಂಬೆ ಬಂದಿದ್ದವು. (ಗೊಂಬೆಗೆ ಮಕ್ಕಳು ಸಮವಸ್ತ್ರ ತೊಡಿಸಿ ಹಾಜರಿ ಕೂಗುತ್ತಿದ್ದರು.) ರ್‍ಯಾಕಿನ ಮೇಲೆ ಇಟ್ಟದ್ದು ಬರೇ ಖಾಲಿ ಡಬ್ಬಿಗಳು. ಖಾಲಿ ಡಬ್ಬಿ ಕಳುವಾಗುವುದಿಲ್ಲ, ಹಾಳಾಗುವುದಿಲ್ಲ, ಯಾರೂ ಅದನ್ನು ಉದ್ರಿ ಕೇಳುವುದಿಲ್ಲ. ಹೀಗಿರುವಾಗ ದಾಸ್ತಾನು ಲೆಕ್ಕ ಕಲಿಯುವ ಗರಜಾದರೂ ಏನು?

ಎರಡನೇ ವರ್ಷ ಹೆಡ್‌ಮಾಸ್ತರ ಮುಂದೆ ಒಂದು ವಿಚಾರ ಇಟ್ಟೆ: ಲ್ಯಾಬಿನ ಒಂದು ಕಪಾಟಿನಲ್ಲಿ ನಿಜವಾದ ಅಂಗಡಿ. ನೋಟ್‌ಬುಕ್, ಪೆನ್ನು, ಪೆನ್ಸಿಲ್, ರಬ್ಬರ್, ಗ್ರಾಫ್ ಹಾಳೆ, ಗೋಂದು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ವ್ಯಾಪಾರ. ಅವರು ತಲೆ ಕೆರೆದುಕೊಂಡರು. ಶಾಲೆಯಲ್ಲಿ ವ್ಯಾಪಾರ ಅಂದರೆ ನಾಳೆ ಆಡಿಟ್‌ನವರು ಏನನ್ನುತ್ತಾರೆ? "ಜೆಒಸಿ ಕಾಲದಾಗ ಪಿಯು ಕಾಲೇಜಿನ ಹುಡುಗ್ರು ಏನೇನೋ ಮಾಡ್ತಿದ್ರು, ಅದೂ ನಿಂತು ಹೋತು" ಅಂತ ಪಿಯು ಕಾಲೇಜಿನ ಹಳೆಯ ಉದ್ಯೋಗಾಧಾರಿತ ಕೋರ್ಸುಗಳನ್ನು (ಜೆಒಸಿ) ನೆನೆದರು. ಕೊನೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿದೆವು: ಕೊಂಡ ದರಕ್ಕೇ ಮಾರುವುದು, ಲಾಭ ಇಲ್ಲ, ಲೆಕ್ಕದ ಪುಸ್ತಕ ತಿಂಗಳಿಗೊಮ್ಮೆ ಸಭೆಯ ಮುಂದೆ. ಇದನ್ನು ಮಾಡಬೇಕೆನ್ನುವ ಬೇರೆ ತರಬೇತುದಾರರಿಗೆ ಒಂದೇ ಮಾತು ಹೇಳುತ್ತೇನೆ, ಠರಾವು ಆಗುವವರೆಗೆ ಒಂದು ಪೆನ್ಸಿಲ್ ಸಹ ತರಬೇಡಿ. ಬಂಡವಾಳ 3,000 ರೂಪಾಯಿ. ಎರಡು ಸಾವಿರ ನನ್ನದು, ಒಂದು ಸಾವಿರ ಎಸ್‌ಡಿಎಂಸಿ ಅಧ್ಯಕ್ಷರದು.

ಶಾಲೆಯಲ್ಲಿ ಮಕ್ಕಳೇ ಒಂದು ದಿನ ವ್ಯಾಪಾರ ಮಾಡುವ 'ಮಕ್ಕಳ ಸಂತೆ' ಇದೆಯಲ್ಲ ಅನ್ನಬಹುದು. ಇದೆ, ನಾವೂ ಮಾಡುತ್ತೇವೆ. ಆದರೆ ಆ ದಿನ ಮೇಷ್ಟ್ರು, ಟೀಚರು, ಬಂದ ಅತಿಥಿಗಳು ಎಲ್ಲರೂ ಪ್ರೀತಿಗೆ ಕೊಳ್ಳುತ್ತಾರೆ, ಚಿಲ್ಲರೆ ಬಿಟ್ಟು ಹೋಗುತ್ತಾರೆ. ಬಾಡಿದ ಮೆಂತ್ಯವೂ ಖರ್ಚಾಗುತ್ತದೆ. ಮುಂದಿನ ವಾರ ಅದೇ ಗಿರಾಕಿಗೆ ಮತ್ತೆ ಮುಖ ತೋರಿಸುವ ಪ್ರಶ್ನೆಯೇ ಇಲ್ಲ.

ಮೊದಲ ಶನಿವಾರ ಲೆಕ್ಕ ಕೂರಲಿಲ್ಲ. 38 ರೂಪಾಯಿ ಕಡಿಮೆ. ಸೂಪರ್‌ಮಾರ್ಕೆಟ್‌ನಲ್ಲಿ ನನ್ನ ಕೌಂಟರಿನಲ್ಲಿ ಕಡಿಮೆ ಬಿದ್ದಾಗಲೆಲ್ಲ ಸಂಬಳದಲ್ಲಿ ಹಿಡಿಯುತ್ತಿದ್ದರು. ಆ ಸಂಕಟ ನನಗೆ ಗೊತ್ತಿದ್ದರಿಂದ ಯಾರನ್ನೂ ಬೈಯಲಿಲ್ಲ. ಕಪಾಟಿನಲ್ಲಿ ಉಳಿದದ್ದನ್ನು ಎಣಿಸಿ ಅಂದೆ. ಸ್ಟಾಕ್ ಬುಕ್ಕಿನ ಪ್ರಕಾರ ಒಂದು 35 ರೂಪಾಯಿಯ ನೋಟ್‌ಬುಕ್, ಒಂದು ಮೂರು ರೂಪಾಯಿಯ ರಬ್ಬರ್ ಇರಬೇಕಿತ್ತು, ಇರಲಿಲ್ಲ. ರೊಕ್ಕ ಕಳೆದದ್ದಲ್ಲ, ಸಾಮಾನೇ ಹೋಗಿದೆ ಎಂದು ಮಕ್ಕಳೇ ಕಂಡುಹಿಡಿದರು. ಎಲ್ಲರೂ ಕೌಂಟರಿನಲ್ಲಿ ಕೂತಿದ್ದವನ ಮುಖ ನೋಡಿದರು. ಅವನು ಆ ಕಿರಾಣಿ ಅಂಗಡಿಯವರ ಮಗ.

"ಉದ್ರಿ ಕೊಟ್ಟೀನ್ರಿ ಸರ. ಬರಿಯೂದು ಮರ್ತೆ."

"ಯಾಕ ಕೊಟ್ಟಿ?"

"ಅವ ನಮ್ಮ ಓಣಿಯಂವ ಸರ. ಹೆಂಗ ಇಲ್ಲ ಅನ್ನೂದ್ರಿ?"

ಒಂದು ವರ್ಷ 'ಏಳು ಸಿ' ಹೇಳಿಕೊಟ್ಟವನಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಊರಿನಲ್ಲಿ ಅಂಗಡಿ ಇಟ್ಟು ಮುಳುಗಿದವರನ್ನು ಕೇಳಿ ನೋಡಿ, ಹೆಚ್ಚಿನವರನ್ನು ಮುಳುಗಿಸಿದ್ದು ಉದ್ರಿಯೇ. 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ತೂಗಿಸಿದ ಅಂಗಡಿಯಲ್ಲೂ ಬೋರ್ಡಿನ ಕೆಳಗೇ ಉದ್ರಿ ಪುಸ್ತಕ ಇರುತ್ತದೆ. ಗೆಳೆತನ ಕೆಡದಂತೆ, ಮುಖ ಮುರಿಯದಂತೆ ಇಲ್ಲ ಅನ್ನುವುದು ಹೇಗೆ? ಮುಂದಿನ ಮೂರು ಪಿರಿಯಡ್ಡು ಬರೀ ಇದೇ. ಇಬ್ಬರು ಎದ್ದು ನಿಲ್ಲುವುದು, ಒಬ್ಬ ಉದ್ರಿ ಕೇಳುವುದು, ಇನ್ನೊಬ್ಬ ಇಲ್ಲ ಅನ್ನುವುದು. ಒಬ್ಬ "ಸರ್ ಬೈತಾರ" ಅಂದ. ನನ್ನ ಮೇಲೆ ಹಾಕಿ ತಾನು ಪಾರಾದ. ಇನ್ನೊಬ್ಬ "ಹೋದ ವಾರದ್ದು ಕೊಟ್ಟಿಲ್ಲಲ" ಅಂದು ಜಗಳಕ್ಕೇ ನಿಂತ. ಆಗ ಹಿಂದಿನ ಬೆಂಚಿನ ಹುಡುಗಿ, ತಾಯಿ ಸಂತೆಯಲ್ಲಿ ಕಾಯಿಪಲ್ಯ ಮಾರುವವಳು, ಎದ್ದು ಬಂದಳು. ನೋಟ್‌ಬುಕ್ ತೆಗೆದು ಒಂದು ಚೀಟಿಯಲ್ಲಿ ಗೆಳತಿಯ ಹೆಸರು ಬರೆದು ಸಿಕ್ಕಿಸಿ, "ನಿನ್ನ ಹೆಸರ್ಲೆ ತೆಗದು ಇಟ್ಟೀನಿ ನೋಡ. ಸೋಮವಾರ ರೊಕ್ಕ ತಂದು ಒಯ್ಯಿ. ಅಲ್ಲೀತನ ಬ್ಯಾರೆಯವರಿಗೆ ಕೊಡಂಗಿಲ್ಲ" ಅಂದಳು.

ಇಲ್ಲ ಅಂದಳು, ಆದರೆ 'ಇಲ್ಲ' ಎಂಬ ಪದ ಬರಲೇ ಇಲ್ಲ. ಅಂದಿನಿಂದ ನಮ್ಮ ಕಪಾಟಿನ ಒಂದು ಅರೆಗೆ (ಖಾನೆಗೆ) 'ಚೀಟಿ ಅರೆ' ಎಂದೇ ಹೆಸರು. ಉದ್ರಿ ಬಂದ್.

ಪೊಟ್ಟಣ ಓದುವ ಪಾಠ ಇದಕ್ಕಿಂತ ಸುಲಭ ಅಂದುಕೊಂಡಿದ್ದೆ. ಮನೆಯಿಂದ ಖಾಲಿ ಪೊಟ್ಟಣ ತನ್ನಿ ಅಂದೆ. ತಯಾರಿಸಿದವರ ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ತಿಂಗಳು, ದೂರಿಗೆ ಫೋನ್ ನಂಬರು, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರು. 'ಬೆಸ್ಟ್ ಬಿಫೋರ್' ಅಂದರೆ ಆಮೇಲೆ ರುಚಿ, ಗುಣ ಇಳಿಯಬಹುದು. 'ಎಕ್ಸ್‌ಪೈರಿ' ಅಂದರೆ ಆಮೇಲೆ ತಿನ್ನಲೇಬಾರದು. ಇಷ್ಟು ಕಲಿತದ್ದೇ ತಡ, ನಮ್ಮ ಕಿರಾಣಿ ಹುಡುಗ ಭಾನುವಾರ ಅಪ್ಪನ ಅಂಗಡಿಯ ಎಲ್ಲ ಅರೆ ತಡಕಾಡಿ ಅವಧಿ ಮೀರಿದ ಬಿಸ್ಕತ್ತು, ಮಸಾಲೆ ಪೊಟ್ಟಣಗಳನ್ನು ಗಿರಾಕಿಗಳ ಎದುರೇ ಕೌಂಟರಿನ ಮೇಲೆ ಗುಡ್ಡೆ ಹಾಕಿದ್ದಾನೆ.

ಸೋಮವಾರ ಅಪ್ಪ ಶಾಲೆಯಲ್ಲಿ ಹಾಜರು. "ನನ್ನ ಮರ್ಯಾದಿ ಕಳ್ಯಾಕ ಕಲಿಸ್ತೀರೇನ್ರಿ?" ಅವರ ಸಿಟ್ಟಿಗೂ ಕಾರಣ ಇತ್ತು. ಎಸೆದರೆ ನಷ್ಟ ಅವರದೇ. ಕೂರಿಸಿ ಚಹಾ ತರಿಸಿದೆ. ಅವಧಿ ಮೀರಿದ್ದನ್ನು ಮಾರುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ ಅಂದೆ. ಆಮೇಲೆ ನನ್ನ ಹಳೆಯ ಕೆಲಸದ ಗುಟ್ಟು ಹೇಳಿದೆ: ಎಷ್ಟೋ ಕಂಪನಿಗಳು ಹಳೆ ಮಾಲನ್ನು ಡಿಸ್ಟ್ರಿಬ್ಯೂಟರ್ ಮೂಲಕ ವಾಪಸ್ ತೆಗೆದುಕೊಳ್ಳುತ್ತವೆ. ಆದರೆ ಅಂಗಡಿಯಿಂದ ಅಂಗಡಿಗೆ ಮಾಲು ಹಾಕುತ್ತ ಬರುವ ಲೈನ್ ಸೇಲಿನ ಹುಡುಗ ತಾನಾಗಿ ಕೇಳುವುದಿಲ್ಲ. ತಿಂಗಳು ಮುಂಚೆಯೇ ಬೇರೆ ಮಾಡಿಟ್ಟು, ಬಿಲ್ ತೋರಿಸಿ ಗಂಟುಬೀಳಬೇಕು. ಮುಂದಿನ ವಾರ ಅಪ್ಪ ಮಗ ಸೇರಿ ಪಟ್ಟಿ ಮಾಡಿದರು. ಬಿಸ್ಕತ್ತಿನವರು ಬದಲಿ ಕೊಟ್ಟರು, ಮಸಾಲೆಯವರು ಕೊಡಲಿಲ್ಲ. ಆ ಮಸಾಲೆ ತಿಪ್ಪೆಗೆ ಹೋಯಿತು. ಅಪ್ಪ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ, ಆದರೆ ಹಿಂದಿ ಕಲಿಸಿ ಅನ್ನುವುದು ಬಿಟ್ಟಿದ್ದಾರೆ.

ಅತಿಥಿ ಉಪನ್ಯಾಸಕ್ಕೆ ಮೊದಲು ಪೇಟೆಯಿಂದ ಮಾಲ್‌ನವರನ್ನು ಕರೆಸುತ್ತಿದ್ದೆ. ಸ್ಲೈಡ್ ತೋರಿಸಿ ಹೋಗುತ್ತಿದ್ದರು. ಈಗ ಔಷಧ ಅಂಗಡಿಯವರನ್ನು, ತಕ್ಕಡಿಗೆ ಮುದ್ರೆ ಹಾಕುವ ಇಲಾಖೆಯವರನ್ನು ಕರೆಯುತ್ತೇನೆ. ಕ್ಷೇತ್ರ ಭೇಟಿಗೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ಬ್ಯಾಡಗಿ ಕಾಯಿಯ ಎರಡು ತಳಿಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಅಂತ ಮಕ್ಕಳೇ ನನಗೆ ಹೇಳಿಕೊಟ್ಟರು. ಬಣ್ಣಕ್ಕೆ ಬೆಲೆ, ಖಾರಕ್ಕಲ್ಲ ಅನ್ನುವುದನ್ನು ಒಬ್ಬ ದಲಾಲರು ಕೈಯಲ್ಲಿ ಕಾಯಿ ಮುರಿದು ತೋರಿಸಿದರು. ಎಲ್ಲರೂ ಸೀನಿ ಸೀನಿ ಸುಸ್ತಾಗಿ ಬಸ್ಸು ಹತ್ತಿದೆವು.

ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಮೌಲ್ಯಮಾಪಕರು ಬರುತ್ತಾರೆ. ಒಂದು ವರ್ಷ ಬಂದವರು ಇಂಗ್ಲಿಷಿನಲ್ಲೇ ಪ್ರಶ್ನೆ ಹಾಕಿದರು. ಎಲ್ಲ ಮಕ್ಕಳೂ ಗೊಂಬೆಯ ಹಾಗೆ ನಿಂತರು. ನನಗೆ ಹೊಟ್ಟೆ ಉರಿಯಿತು, ಆದರೆ ಮೌಲ್ಯಮಾಪನದ ನಡುವೆ ನಾನು ಬಾಯಿ ಹಾಕುವಂತಿಲ್ಲ. ಬೇಸತ್ತ ಅವರು ಮೇಜಿನ ಮೇಲಿದ್ದ ನಮ್ಮ ಸ್ಟಾಕ್ ಬುಕ್ ತಿರುವಿಹಾಕುತ್ತ, ಗೋಂದಿನ ಸಾಲಿನಲ್ಲಿ ಕೆಂಪು ಶಾಯಿ ಯಾಕೆ ಅಂತ ಅರ್ಧ ಕನ್ನಡದಲ್ಲಿ ಕೇಳಿದರು. ಚೀಟಿ ಅರೆಯ ಹುಡುಗಿ ಶುರು ಮಾಡಿದಳು: ಹೊಸ ಬಾಟಲಿ ಮುಂದಿಟ್ಟು ಹಳೆಯದು ಹಿಂದೆ ಉಳಿದು ನಾಲ್ಕು ಒಣಗಿದವು, ಅದು ನಷ್ಟಕ್ಕೆ ಬರೆದದ್ದು, ಅಂದಿನಿಂದ ಹಳೆಯದು ಮುಂದೆ, ಹೊಸದು ಹಿಂದೆ. ಹತ್ತು ನಿಮಿಷ ನಿಲ್ಲಿಸಲೇ ಇಲ್ಲ. 'ಫಸ್ಟ್ ಇನ್, ಫಸ್ಟ್ ಔಟ್' ಎಂಬ ಪದ ಅವಳ ಬಾಯಿಗೆ ಬರಲಿಲ್ಲ.

ಎಸ್ಸೆಸ್ಸೆಲ್ಸಿ ಆದಮೇಲೆ ಏನು ಎಂಬಲ್ಲಿ ನನ್ನ ಕೈ ಕಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರೊಳಗೆ ಅರ್ಧದಷ್ಟು ಮಕ್ಕಳಿಗಾದರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತ್ತು. ಪರಿಚಯವೇನೋ ನಾನು ಮಾಡಿಸಿದೆ, ಮುಂದೆ? ನಮ್ಮ ಹತ್ತಿರದ ಪಿಯು ಕಾಲೇಜಿನಲ್ಲಿ ಈ ವಿಷಯವೇ ಇಲ್ಲ. ಹಾಗಾಗಿ ಮಾರ್ಚ್‌ಗೆ ಮೊದಲೇ ಪಾಲಕರನ್ನು ಕರೆದು ಬೋರ್ಡಿನ ಮೇಲೆ ದಾರಿಗಳನ್ನು ಬರೆಯುತ್ತೇನೆ. ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಆದವನು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ. ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಐಟಿಐ ಸೇರಿದರೆ ಅಲ್ಲಿಗೇ ಓದು ಮುಗಿಯಿತು ಎಂದು ನಂಬಿದ ಅಪ್ಪಂದಿರೇ ಹೆಚ್ಚು. ಈ ಏಣಿ ನೋಡಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಕಿರಾಣಿ ಹುಡುಗ ಪಿಯು ಕಾಮರ್ಸ್ ಸೇರಿದ. ಚೀಟಿ ಅರೆಯ ಹುಡುಗಿಯೂ ಅಲ್ಲೇ.

ನಮ್ಮದು ಏಜೆನ್ಸಿ ಮೂಲಕದ ನೇಮಕ, ವರ್ಷಕ್ಕೊಮ್ಮೆ ಹೊಸ ಆದೇಶ. ಒಮ್ಮೆ ಆದೇಶ ಬಂದದ್ದು ಆಗಸ್ಟ್‌ನಲ್ಲಿ. ಎರಡು ತಿಂಗಳು ನಾನು ಮನೆಯಲ್ಲಿ ಕೂತೆ. ಸಂಬಳದ ಚಿಂತೆ ಒಂದು ಕಡೆ, ಕಪಾಟಿನ ಚಿಂತೆ ಇನ್ನೊಂದು ಕಡೆ. ಬೀಗದ ಕೈ ಹೆಡ್‌ಮಾಸ್ತರಿಗೆ ಕೊಟ್ಟು ಬಂದಿದ್ದೆ. ವಾಪಸ್ ಹೋದ ದಿನ ನೋಡಿದರೆ ಅಂಗಡಿ ನಡೆದೇ ಇದೆ. ಹತ್ತನೆಯವರು ಒಂಬತ್ತನೆಯವರಿಗೆ ಎಣಿಕೆ ಕಲಿಸುತ್ತಿದ್ದರು. ಬೀಗದ ಕೈ ಹಿಂದಿ ಟೀಚರ್ ಹತ್ತಿರ ಇತ್ತು, ಪ್ರತಿ ಶನಿವಾರ ಬಾಗಿಲು ತೆಗೆದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ.

ಸ್ಟಾಕ್ ಬುಕ್ ತೆಗೆದೆ. ಲೆಕ್ಕ ರೂಪಾಯಿಗೆ ರೂಪಾಯಿ ಸರಿ. ಕೊನೆಯ ಪುಟದಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ ಒಂದು ಸಾಲು: 'ಕೆಂಪು ಪೆನ್ನು 2, ರೂ. 20, ಉದ್ರಿ, ಹಿಂದಿ ಟೀಚರ್.'

"ಉದ್ರಿ ಬಂದ್ ಅಲ್ಲೇನೋ?" ಅಂದೆ.

ಕೌಂಟರಿನ ಹುಡುಗ ಟೀಚರ್ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಅಂದ, "ಚೀಟಿ ಅಂಟಿಸಿ ಇಡ್ತೀನ್ರಿ ಮೇಡಮ್ ಅಂದ್ನಿ ಸರ. ಅವ್ರು ಚೀಟೀನೂ ಕೂಡಿ ಒಯ್ದ್ರು."